ಮಾವ ಕಳಿಸಿದ ಎರಡು ವಾರದ ಪಟ್ಟಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ಅಮೆರಿಕದಲ್ಲಿರುವ ನಾವು ಆರು ಜನ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತೇವೆ. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಅಂಕ. ಶಿವಮೊಗ್ಗ, ದಾವಣಗೆರೆಯವರು ಆಡುವುದಿಲ್ಲ, ಆದರೆ ಮಾತಿಗೆ ಬಂದರೆ ಬಿಡುವುದೂ ಇಲ್ಲ. ಭಾನುವಾರ ಮಿಷಿಗನ್ ಮಾವ ಬ್ಯಾಟರ್‌ಗಳ ಒಂದು ಪಟ್ಟಿ ಫಾರ್ವರ್ಡ್ ಮಾಡಿದರು.

ಮಾವ: ನೋಡಿ, ಕಳೆದ ಎರಡು ವಾರದ್ದು. ಮೊದಲನೆಯ ಹುಡುಗ .400 ಹೊಡೆಯುತ್ತಿದ್ದಾನೆ, ಅಂದರೆ ಹತ್ತು ಸಲ ಬ್ಯಾಟ್ ಮಾಡಿದರೆ ನಾಲ್ಕು ಹಿಟ್. ಯಾರ ತಂಡದಲ್ಲೂ ಇಲ್ಲ. ನಾನು ಆವಾಗಲೇ ಹೇಳಿದ್ದೆ.

ನಾನು: ಯಾವಾಗ ಹೇಳಿದಿರಿ ಮಾವ? ಪಟ್ಟಿ ಮಾಡಿದ್ದು ಯಾರು? ಎಷ್ಟು ಪಂದ್ಯದ್ದು?

ಮಾವ: ಎಲ್ಲರೂ ಕಳಿಸುತ್ತಿದ್ದಾರಮ್ಮ. ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ನಾನು: ಬೇಕು. ಎರಡು ವಾರಕ್ಕೆ ಸುಮಾರು 50 ಸಲ ಬ್ಯಾಟ್ ಮಾಡುತ್ತಾನೆ. 15 ಹಿಟ್ ಬಂದರೆ .300, 20 ಬಂದರೆ .400. ವ್ಯತ್ಯಾಸ ಐದೇ ಹಿಟ್. ಫೀಲ್ಡರ್ ಎರಡು ಹೆಜ್ಜೆ ಆಚೆ ನಿಂತಿದ್ದರೆ ಅದರಲ್ಲಿ ಎರಡು ಮೂರು ಕೈಗೆ ಸಿಗುತ್ತಿತ್ತು. ಸೀಸನ್ 162 ಪಂದ್ಯ ಇದೆ. ನಿಮ್ಮ ಡೆಟ್ರಾಯಿಟ್‌ನ ಕ್ರಿಸ್ ಶೆಲ್ಟನ್ ನೆನಪಿದೆಯಾ? 2006ರಲ್ಲಿ ಮೊದಲ 13 ಪಂದ್ಯಕ್ಕೆ 9 ಹೋಮ್‌ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಊರೆಲ್ಲ ಅವನದೇ ಮಾತು. ವರ್ಷ ಮುಗಿದಾಗ ಒಟ್ಟು 16. ನಡುವೆ ಕೆಳಗಿನ ಹಂತದ ಮೈನರ್ ಲೀಗ್‌ಗೂ ಕಳಿಸಿದರು.

ಮಾವ: ಶೆಲ್ಟನ್ ಹೆಸರು ಎತ್ತಬೇಡ.

ದೊಡ್ಡಪ್ಪ: ಇದಕ್ಕೆ ದುಡ್ಡು ಕಟ್ಟುತ್ತೀರಾ? ಹಾಗಿದ್ದರೆ ಇಸ್ಪೀಟಿಗೂ ಇದಕ್ಕೂ ಏನು ವ್ಯತ್ಯಾಸ? ನಿಮ್ಮ ತಾತ ಹಬ್ಬದ ದಿನವೂ ಎಲೆ ಮುಟ್ಟಲು ಬಿಡುತ್ತಿರಲಿಲ್ಲ.

ತಂಗಿ: ದುಡ್ಡಿಲ್ಲ ದೊಡ್ಡಪ್ಪ. ಸೋತವರು ದೀಪಾವಳಿಗೆ ಎಲ್ಲರಿಗೂ ಊಟ ಹಾಕಬೇಕು, ಅಷ್ಟೇ. 2025ರಲ್ಲಿ ನಾನು ಹಾಕಿದೆ. ಯಾಕೆ ಅಂತ ಮಾವನನ್ನೇ ಕೇಳಿ.

ದಾವಣಗೆರೆ ಅಣ್ಣ: ನನಗೆ 2001ರ ಆಸ್ಟ್ರೇಲಿಯಾ ಟೆಸ್ಟ್ ಸರಣಿ ನೆನಪಾಯಿತು! ದ್ರಾವಿಡ್ ಮುಂಬೈಯಲ್ಲಿ 9 ಮತ್ತು 39, ಕೋಲ್ಕತ್ತದಲ್ಲಿ ಮೊದಲ ಸಲ 25. ಮೂರರಿಂದ ಆರನೇ ನಂಬರಿಗೆ ಇಳಿಸಿದರು. ಅಜ್ಜಿ ಮನೆಯಲ್ಲಿ ಕೂತು ಇದೇ ಮಾವ ‘ಇವನದು ಮುಗಿಯಿತು’ ಅಂದಿದ್ದರು. ಆಮೇಲೆ 180! ಲಕ್ಷ್ಮಣ್ ಜೊತೆ ಇಡೀ ಬುಧವಾರ ಔಟೇ ಆಗಲಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆ ಅಂತ ಅಜ್ಜಿ ಯಾರನ್ನೂ ಏಳಲು ಬಿಡಲಿಲ್ಲ. ಕೂತಲ್ಲಿಗೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಮಾವ: ಹಾಗೆ ಹೇಳಿದ್ದು ಭಾವ, ನಾನಲ್ಲ.

ದೊಡ್ಡಪ್ಪ: ನನ್ನನ್ನು ಯಾಕೆ ಎಳೆಯುತ್ತೀಯ? ಆವತ್ತು ನಾನು ಆಫೀಸಿನಲ್ಲಿದ್ದೆ. ಟಿವಿ ಕೊಂಡ ದುಡ್ಡನ್ನೂ ನೀನು ಇನ್ನೂ ಕೊಟ್ಟಿಲ್ಲ.

ಇಲ್ಲಿಂದ ಇಪ್ಪತ್ತು ಮೆಸೇಜು ಟಿವಿಯ ಬಗ್ಗೆಯೇ. ಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ. ಕೊನೆಗೆ ಕಂಡದ್ದೇ ಕಣ್ಣಲ್ಲಿ ಉಳಿಯುತ್ತದೆ. ಅದನ್ನು ನಂಬಿ ಮೂರು ವರ್ಷದ ಆಟವನ್ನು ಮರೆಯುತ್ತೇವೆ.

ತಂಗಿ: ಟಿವಿ ಬಿಡಿ. ಹುವಾನ್ ಸೋಟೋ ಕಥೆ ಹೇಳಿ. 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ ಮಾಡಿ ನ್ಯೂಯಾರ್ಕ್‌ನ ಮೆಟ್ಸ್ ತಂಡಕ್ಕೆ ಬಂದವನು. 2025ರ ಮೇ ತಿಂಗಳಲ್ಲಿ ‘ಇವನು ಹೊಡೆಯುತ್ತಿಲ್ಲ, ಈಗಲೇ ಬೇರೆಯವರಿಗೆ ಕೊಟ್ಟುಬಿಡು’ ಅಂತ ದಿನಾ ಮೆಸೇಜ್ ಮಾಡಿದವರು ಯಾರು?

ನಾನು: ಅವನನ್ನು ನಿನ್ನಿಂದ ತೆಗೆದುಕೊಂಡವಳು ನಾನು. ಹಳೆಯ ವರ್ಷಗಳನ್ನು ನೋಡಿದ್ದೆ. ಅವನ ಹೊಡೆತ ಆಗಲೂ ಜೋರಾಗಿಯೇ ಇತ್ತು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಸಿಗುತ್ತಿತ್ತು. ಜೂನ್ ಒಂದರಲ್ಲೇ 11 ಹೋಮ್‌ರನ್. ವರ್ಷ ಮುಗಿದಾಗ 43, ಜೊತೆಗೆ 38 ಸ್ಟೀಲ್, ಅಂದರೆ ಓಡಿ ಕದ್ದ ಬೇಸ್. ಗಾಯ ಆಗಿದ್ದರೆ ಅಥವಾ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ತುಂಬಾ ಜಾಸ್ತಿ ಆಗಿದ್ದರೆ ಎರಡು ವಾರಕ್ಕೂ ಬೆಲೆ ಇದೆ. ಸುಮ್ನೆ ಹಿಟ್ ಬಂತು, ಬರಲಿಲ್ಲ ಅಂದರೆ ಇಲ್ಲ.

ತಂಗಿ: ಅಕ್ಕ, ನಾನು ಲೆಕ್ಕ ಕೇಳಲಿಲ್ಲ. ನಿನಗೂ ಗೊತ್ತಿತ್ತು, ನೀನೂ ಹೇಳಲಿಲ್ಲ.

ಅದಕ್ಕೆ ನಾನು ಏನೂ ಬರೆಯಲಿಲ್ಲ. ಮಾವ ಬಹಳ ಹೊತ್ತು ಟೈಪ್ ಮಾಡುತ್ತಿದ್ದರು.

ಮಾವ: ತಪ್ಪಾಯಿತು ಪುಟ್ಟಿ. ಈ ಸಲದ ಊಟ ನನ್ನದು. ಆದರೆ ಈ .400 ಹುಡುಗನನ್ನು ಇವತ್ತೇ ತೆಗೆದುಕೊಳ್ಳುತ್ತೇನೆ, ಯಾರೂ ಅಡ್ಡ ಬರಬೇಡಿ.