ಫೆರಾರಿ 250 ಜಿಟಿಒ: ಹರಾಜಿನ ಮೊತ್ತವನ್ನು ಮಾರುಕಟ್ಟೆ ಬೆಲೆ ಎನ್ನಬಹುದೇ?

ಪ್ರಶ್ನೆ
ಆರ್‌ಎಂ ಸಾಥೆಬೀಸ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದನ್ನು 4.84 ಕೋಟಿ ಡಾಲರ್‌ಗೆ ಹರಾಜು ಹಾಕಿತು. ಅದೇ ವರ್ಷದ ಮತ್ತೊಂದು ಜಿಟಿಒ 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 5.17 ಕೋಟಿ ಡಾಲರ್‌ಗೆ ಹೋಯಿತು. ಹಾಗಾದರೆ ಐದು ವರ್ಷಗಳಲ್ಲಿ ಈ ಮಾದರಿಯ ಮಾರುಕಟ್ಟೆ ಬೆಲೆ 33 ಲಕ್ಷ ಡಾಲರ್‌ನಷ್ಟು ಏರಿದೆ ಎಂದು ತಿಳಿಯಬಹುದೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಹಾಗೆ ತಿಳಿಯುವುದು ಸರಿಯಲ್ಲ. ಪತ್ರಿಕೆಗಳಲ್ಲಿ ಬರುವ ಮೊತ್ತದಲ್ಲಿ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಪ್ರೀಮಿಯಂ ಕೂಡ ಸೇರಿರುತ್ತದೆ. ಸುತ್ತಿಗೆ ಬಿದ್ದಾಗ ನಿಂತ ಬೆಲೆ 2018ರಲ್ಲಿ 4.4 ಕೋಟಿ, 2023ರಲ್ಲಿ 4.7 ಕೋಟಿ ಡಾಲರ್. ಮೊದಲ 2.5 ಲಕ್ಷಕ್ಕೆ ಶೇ 12, ಉಳಿದುದಕ್ಕೆ ಶೇ 10 ಎಂದು ಲೆಕ್ಕ ಹಾಕಿದರೆ ಮೊದಲ ಕಾರಿನ ಪ್ರೀಮಿಯಂ ಒಂದೇ 44.05 ಲಕ್ಷ ಡಾಲರ್ ಆಗುತ್ತದೆ. ಕೊಂಡವರು ಮರುದಿನವೇ ಅದನ್ನು ಅದೇ ಕೂಗಿಗೆ ಮಾರಿದರೂ ಈ ಹಣ ಅವರಿಗೆ ಮರಳಿ ಬಾರದು. ಇದಲ್ಲದೆ ಆ ಐದು ವರ್ಷಗಳಲ್ಲಿ ಅಮೆರಿಕದ ಸಾಮಾನ್ಯ ಬೆಲೆಮಟ್ಟವೇ ಶೇ 20ಕ್ಕೂ ಹೆಚ್ಚು ಏರಿದೆ. ಎರಡು ಮೊತ್ತಗಳ ನಡುವಿನ ಏರಿಕೆ ಶೇ 7ರಷ್ಟು ಮಾತ್ರ.

ಉತ್ತರ 2
ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಇವೆರಡೂ ಬೇರೆ ಬೇರೆ ಕಾರುಗಳು. ಕೇವಲ 36 ತಯಾರಾದ ಈ ಮಾದರಿಯಲ್ಲಿ ಕೊಳ್ಳುವವರು ಚಾಸಿ ನಂಬರ್ (ಒಂದೊಂದು ಕಾರನ್ನೂ ಗುರುತಿಸುವ ಸಂಖ್ಯೆ) ನೋಡಿಯೇ ಬೆಲೆ ಕಟ್ಟುತ್ತಾರೆ. 2018ರಲ್ಲಿ ಮಾರಾಟವಾದ 3413 ತನ್ನ ಮೂಲ ಇಂಜಿನ್ನನ್ನು ಉಳಿಸಿಕೊಂಡಿತ್ತು, ಆದರೆ ಅದರ ಬಾಡಿಯನ್ನು 1964ರಲ್ಲಿ ಕಾರಿನ ಬಾಡಿ ಕಟ್ಟುವ ಇಟಲಿಯ ಸ್ಕಾಲಿಯೆಟ್ಟಿಯವರು ಹೊಸ ವಿನ್ಯಾಸಕ್ಕೆ ಬದಲಿಸಿದ್ದರು. 2023ರ 3765 ಕಾರನ್ನು ಫೆರಾರಿಯ ಸ್ವಂತ ತಂಡವೇ ಓಡಿಸಿತ್ತು. 1962ರ ನ್ಯೂರ್‌ಬರ್ಗ್‌ರಿಂಗ್ 1000 ಕಿ.ಮೀ. ಸ್ಪರ್ಧೆಯಲ್ಲಿ ಅದು ಒಟ್ಟಾರೆ ಎರಡನೆಯ ಸ್ಥಾನ ಪಡೆಯಿತು. ಆಗ ಅದರಲ್ಲಿದ್ದುದು 4 ಲೀಟರ್ ಇಂಜಿನ್, 3 ಲೀಟರ್ ಇಂಜಿನ್ ಬಂದದ್ದು ಆಮೇಲೆ. ಈ ಬದಲಾವಣೆಯನ್ನು ಕೆಲವರು ಕೊರತೆಯೆಂದು ಕಂಡರೆ ಅದರಲ್ಲಿ ತಪ್ಪಿಲ್ಲವೆಂಬುದು ನನ್ನ ಅಭಿಪ್ರಾಯ. ಸಂಸ್ಥೆಯ ಅಂದಾಜು 6 ಕೋಟಿ ಡಾಲರ್‌ಗೂ ಮೇಲಿದ್ದರೂ ಕೂಗು 4.7 ಕೋಟಿಗೆ ನಿಂತಿತು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. 2022ರಲ್ಲಿ 13.5 ಕೋಟಿ ಯೂರೊಗೆ ಹೋದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆಯನ್ನು ಈ ಲೆಕ್ಕದಲ್ಲಿ ಎಲ್ಲಿಡಬೇಕು?

ಉತ್ತರ 1 ಬರೆದವರು
ಅದನ್ನು ಹೊರಗಿಡುವುದೇ ಸೂಕ್ತ. 1955ರ ಆ ಕಾರುಗಳು ಎರಡೇ ಎರಡು, ಎರಡೂ ಅಲ್ಲಿಯವರೆಗೆ ತಯಾರಕರ ಬಳಿಯೇ ಇದ್ದವು. ಸ್ಟುಟ್‌ಗಾರ್ಟ್‌ನ ಕಂಪನಿಯ ಮ್ಯೂಸಿಯಂನಲ್ಲಿ, ಆಹ್ವಾನಿತರಿಗೆ ಮಾತ್ರ ನಡೆದ ಹರಾಜು ಅದು. ಬಂದ ಹಣ ವಿದ್ಯಾರ್ಥಿವೇತನ ನಿಧಿಗೆ ಮೀಸಲಾಯಿತು. ಇನ್ನೊಂದು ಕಾರು ಮರ್ಸಿಡಿಸ್ ಬಳಿಯೇ ಉಳಿದಿರುವುದರಿಂದ ಆ ಬೆಲೆಯನ್ನು ಹೋಲಿಸಿ ನೋಡಲು ಮತ್ತೊಂದು ಮಾರಾಟವೇ ಇಲ್ಲ.