ಕಪ್ಪುಕುಳಿಯ ಎಂಟ್ರೊಪಿ ವಿಸ್ತೀರ್ಣವನ್ನು ಅನುಸರಿಸುವುದೇಕೆ?

ಪ್ರಶ್ನೆ: ಅನಿಲದ ಎಂಟ್ರೊಪಿ (ಒಳಗಿನ ಕಣಗಳು ಎಷ್ಟು ಬಗೆಯಲ್ಲಿ ಜೋಡಣೆಗೊಳ್ಳಬಹುದು ಎಂಬುದರ ಅಳತೆ) ಅದರ ಘನಗಾತ್ರದೊಂದಿಗೆ ಹೆಚ್ಚುತ್ತದೆ. ಕಪ್ಪುಕುಳಿಯದು ಮಾತ್ರ ಘಟನಾ ದಿಗಂತದ (ದಾಟಿದರೆ ಬೆಳಕೂ ಮರಳಲಾರದ ಗಡಿಯ) ವಿಸ್ತೀರ್ಣಕ್ಕೆ ಅನುಗುಣವಾಗಿರುವುದು ಬರಿಯ ಗಣಿತದ ಹೋಲಿಕೆಯೇ? ಕ್ವಾಂಟಮ್ ಮಾಹಿತಿಗೂ ಇದಕ್ಕೂ ಏನು ಸಂಬಂಧ?

ಉತ್ತರ 1: ಆರಂಭದಲ್ಲಿ ಬಹುಮಂದಿ ಅದನ್ನು ಹೋಲಿಕೆಯೆಂದೇ ಭಾವಿಸಿದ್ದರು. ಬಿಸಿ ವಸ್ತುವೊಂದು ಕಪ್ಪುಕುಳಿಗೆ ಬಿದ್ದರೆ ಅದರ ಎಂಟ್ರೊಪಿ ಹೊರಗಿನವರ ಲೆಕ್ಕದಿಂದ ಮಾಯವಾಗಿ, ಒಟ್ಟು ಎಂಟ್ರೊಪಿ ಕುಗ್ಗದು ಎನ್ನುವ ಉಷ್ಣಬಲವಿಜ್ಞಾನದ ಎರಡನೆಯ ನಿಯಮವೇ ಮುರಿಯುತ್ತದೆ ಎಂಬ ತೊಡಕನ್ನು ಗಂಭೀರವಾಗಿ ಪರಿಗಣಿಸಿದ ಜೇಕಬ್ ಬೆಕೆನ್‌ಸ್ಟೈನ್, ದಿಗಂತದ ವಿಸ್ತೀರ್ಣವು ನಿಜವಾದ ಎಂಟ್ರೊಪಿಯನ್ನೇ ಅಳೆಯುತ್ತದೆ ಎಂದು 1970ರ ದಶಕದ ಆರಂಭದಲ್ಲಿ ವಾದಿಸಿದರು. ಎಂಟ್ರೊಪಿ ಇದ್ದಮೇಲೆ ತಾಪಮಾನ ಇರಬೇಕು, ತಾಪಮಾನವಿದ್ದರೆ ವಿಕಿರಣ ಹೊಮ್ಮಬೇಕು. ಮೊದಲು ಇದನ್ನು ಒಪ್ಪದಿದ್ದ ಸ್ಟೀಫನ್ ಹಾಕಿಂಗ್ ಅವರೇ 1974ರಲ್ಲಿ ಆ ವಿಕಿರಣವನ್ನು ಲೆಕ್ಕಹಾಕಿ ತೋರಿಸಿದರು. ಪ್ಲಾಂಕ್ ಮಾನಗಳಲ್ಲಿ (ಪ್ರಕೃತಿಯ ಮೂಲ ಸ್ಥಿರಾಂಕಗಳಿಂದ ಪಡೆದ ಅಳತೆಗಳಲ್ಲಿ) ಎಂಟ್ರೊಪಿಯು ವಿಸ್ತೀರ್ಣದ ನಾಲ್ಕನೇ ಒಂದು ಭಾಗ. ಸೂರ್ಯನಷ್ಟು ರಾಶಿಯ ಕಪ್ಪುಕುಳಿಗೆ ಅದು ಸುಮಾರು 10ರ 77ನೇ ಘಾತದಷ್ಟಾಗುತ್ತದೆ.

ಉತ್ತರ 2: ಎರಡನೆಯ ಪ್ರಶ್ನೆಯೇ ಹೆಚ್ಚು ಕುತೂಹಲಕರ. ನಿರ್ವಾತದಲ್ಲಿಯೂ ಗಡಿಯೊಂದರ ಎರಡು ಬದಿಗಳ ಕ್ವಾಂಟಮ್ ಕ್ಷೇತ್ರಗಳು ಪರಸ್ಪರ ಹೆಣೆದುಕೊಂಡಿರುತ್ತವೆ, ಅಂದರೆ ಒಂದರ ಸ್ಥಿತಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳಲಾಗದು. ಒಂದು ಬದಿಯನ್ನು ಮರೆತರೆ ಉಳಿಯುವ ಎಂಟ್ರೊಪಿಯ ಮುಖ್ಯ ಭಾಗವು ಗಡಿಯ ವಿಸ್ತೀರ್ಣವನ್ನೇ ಅನುಸರಿಸುತ್ತದೆ. 2006ರಲ್ಲಿ ಶಿನ್ಸೆ ರ್ಯು ಮತ್ತು ತದಾಶಿ ತಕಯನಗಿ, ಗುರುತ್ವವಿಲ್ಲದ ಗಡಿ-ಸಿದ್ಧಾಂತದ (ದೇಶಕಾಲದ ಹೊರ ಅಂಚಿನಲ್ಲಿ ಮಾತ್ರ ನೆಲೆಸಿರುವ ಕ್ವಾಂಟಮ್ ಸಿದ್ಧಾಂತದ) ಹೆಣಿಗೆಯ ಎಂಟ್ರೊಪಿಯನ್ನು ಒಳಗಿನ ದೇಶಕಾಲದ ಕನಿಷ್ಠ ಮೇಲ್ಮೈಯ ವಿಸ್ತೀರ್ಣದಿಂದ ಪಡೆಯುವ ಸೂತ್ರವನ್ನು ಮಂಡಿಸಿದರು. ಅಲ್ಲಿಯೂ ಅದೇ ನಾಲ್ಕನೇ ಒಂದು ಭಾಗ! ಆದರೆ ಈ ಸೂತ್ರವು ಪ್ರತಿ-ಡಿ ಸಿಟರ್ ಎಂಬ ಋಣ ವಕ್ರತೆಯ ದೇಶಕಾಲಕ್ಕೆ ಸಂಬಂಧಿಸಿದ್ದು, ನಮ್ಮ ವಿಶ್ವ ಅಂಥದ್ದಲ್ಲ.

ಪ್ರಶ್ನಿಸಿದವರು: ಹಾಗಾದರೆ ಈ ಎಂಟ್ರೊಪಿಗೆ ಕಾರಣವಾದ ಕಪ್ಪುಕುಳಿಯ ಸೂಕ್ಷ್ಮಸ್ಥಿತಿಗಳನ್ನು (ಸಾಧ್ಯವಿರುವ ಒಳಜೋಡಣೆಗಳನ್ನು) ಯಾರಾದರೂ ಎಣಿಸಿದ್ದಾರೆಯೇ?

ಉತ್ತರ 1: ವಿಶೇಷ ಬಗೆಯ, ವಿದ್ಯುದಾವೇಶವುಳ್ಳ ಐದು ಆಯಾಮಗಳ ಕಪ್ಪುಕುಳಿಗಳಿಗೆ ಸ್ಟ್ರಾಮಿಂಜರ್ ಮತ್ತು ವಾಫಾ 1996ರಲ್ಲಿ ತಂತು ಸಿದ್ಧಾಂತದ (ಕಣಗಳನ್ನು ಅತಿಸೂಕ್ಷ್ಮ ತಂತುಗಳ ಕಂಪನವೆನ್ನುವ ಸಿದ್ಧಾಂತದ) ಮೂಲಕ ಎಣಿಸಿದರು. ಆಕಾಶದಲ್ಲಿ ಕಾಣುವ ಸಾಮಾನ್ಯ ಕಪ್ಪುಕುಳಿಗಳಿಗೆ ಸರ್ವಸಮ್ಮತವಾದ ಅಂಥ ಎಣಿಕೆ ಇನ್ನೂ ಇಲ್ಲ.