ಸಹಾಯ ಬೇಕು: ಕ್ರೋಮ್ ಪ್ಲೇಟಿಂಗ್ ಶೆಡ್ಡಿನ ಗಾಳಿ ಸರಿಯಾಗಿ ಅಳೆಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಲೋಹದ ಸಾಮಾನಿಗೆ ಕ್ರೋಮ್ ಲೇಪ ಹಾಕುವ ನಮ್ಮದೊಂದು ಸಣ್ಣ ಪ್ಲೇಟಿಂಗ್ ಶೆಡ್ ಇದೆ. ಎರಡು ಕ್ರೋಮ್ ಟ್ಯಾಂಕ್, ಹನ್ನೆರಡು ಜನ. ಕರೆಂಟ್ ಕೊಟ್ಟಾಗ ಟ್ಯಾಂಕಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ. ಜೊತೆಗೆ ಕ್ರೋಮಿಕ್ ಆಸಿಡ್‌ನ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ. ಮೂಗಿನ ಒಳಗೋಡೆಯನ್ನೇ ತೂತು ಮಾಡುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಕಾರಣ.

ಹೋದ ತಿಂಗಳು ಟ್ಯಾಂಕ್ ನೋಡಿಕೊಳ್ಳುವ ಹುಡುಗನಿಗೆ ಎರಡು ಸಲ ಮೂಗಲ್ಲಿ ರಕ್ತ ಬಂತು. "ಸೆಕೆಗೆ ಅಣ್ಣಾ, ಏನಿಲ್ಲ" ಅಂದ. ಸುಮ್ನೆ ಬಿಡಲು ನನಗೆ ಮನಸ್ಸಾಗಲಿಲ್ಲ, ಮೂಗಿನ ಡಾಕ್ಟರಿಗೆ ತೋರಿಸಿದ್ದೇನೆ.

ಗಾಳಿ ಪರೀಕ್ಷೆಗೂ ಒಬ್ಬರನ್ನು ಕರೆಸಿದೆ. ಬಾಗಿಲ ಬಳಿ ಮೆಷಿನ್ ಇಟ್ಟು, ಅರ್ಧ ಗಂಟೆ ಓಡಿಸಿ, ಒಟ್ಟು ಧೂಳು ಇಷ್ಟು ಅಂತ ಬರೆದುಕೊಟ್ಟು ಹೋದರು. ಅವತ್ತು ಓಡುತ್ತಿದ್ದದ್ದು ಒಂದೇ ಟ್ಯಾಂಕ್ ಬೇರೆ! ಗಾಳಿ ಎಳೆಯುವ ಸಣ್ಣ ಪಂಪನ್ನು ಕೆಲಸಗಾರನ ಸೊಂಟಕ್ಕೆ ಕಟ್ಟಿ, ಫಿಲ್ಟರನ್ನು ಕಾಲರ್ ಹತ್ತಿರ ಸಿಕ್ಕಿಸಿ, ಪೂರ್ತಿ ಶಿಫ್ಟ್ ಅಳೆಯಬೇಕು ಅಲ್ವಾ? 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ ಪಟ್ಟಿಯಲ್ಲಿ ಕ್ರೋಮಿಕ್ ಆಸಿಡ್‌ಗೆ ಮಿತಿ ಘನ ಮೀಟರಿಗೆ 0.05 ಮಿಲಿಗ್ರಾಂ ಇತ್ತು, ಅದೂ 8 ಗಂಟೆಯ ಸರಾಸರಿ. ಅರ್ಧ ಗಂಟೆಯ ಧೂಳಿನ ಲೆಕ್ಕವನ್ನು ಇದಕ್ಕೆ ಹೋಲಿಸುವುದಾದರೂ ಹೇಗೆ?

ಹೆಕ್ಸಾವೇಲೆಂಟ್ ಕ್ರೋಮಿಯಂ ಬೇರೆಯಾಗಿ ಅಳೆದುಕೊಡುವ ಲ್ಯಾಬ್ ಬೆಂಗಳೂರಿನಲ್ಲಿ ಯಾರಿಗಾದರೂ ಗೊತ್ತಾ? ಎಲ್ಲರಿಗೂ ಪಂಪ್ ಕಟ್ಟಬೇಕಾ, ಟ್ಯಾಂಕ್ ಪಕ್ಕ ನಿಲ್ಲುವ ಮೂವರಿಗೆ ಸಾಕಾ? ಖರ್ಚು ಎಷ್ಟಾಗಬಹುದು? ಇನ್ನೊಂದು: ಟ್ಯಾಂಕಿನ ಅಂಚಿನಲ್ಲೇ ಹೊಗೆ ಎಳೆಯುವ ಎಕ್ಸಾಸ್ಟ್ ಹಾಕಿಸುವ ಯೋಚನೆ ಇದೆ. ಅಳೆಸುವುದು ಅದಕ್ಕೆ ಮೊದಲಾ, ಆಮೇಲಾ? ಎರಡು ಸಲ ಮಾಡಿಸುವಷ್ಟು ದುಡ್ಡು ಸದ್ಯಕ್ಕಿಲ್ಲ. ಪ್ಲೇಟಿಂಗ್ ಲೈನಿನವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.